ನನ್ನ ಪದ್ಯಕ್ಕೊಬ್ಬ ಓದುಗ

ಪುಸ್ತಕ ಅಚ್ಚಾದ ಮೇಲೆ ಸುಮ್ಮನೆ ಮನೆಯಲ್ಲಿ ಕೂರುವ ಜಾಯಮಾನ ನನ್ನದಲ್ಲ. ಎಂಬತ್ತರ ಆಸುಪಾಸಿನ ಮಾತು. ನ್ಯಾಮತಿಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಕೋಟೆ, ಶಿಲ್ಪ, ವೀರಗಲ್ಲು ಅಂತ ಸುತ್ತಿ ಬರೆದ ಪದ್ಯಗಳು ಒಂದರ ಹಿಂದೊಂದು ಎರಡು ಪುಸ್ತಕವಾಗಿದ್ದವು. ಯಾರಾದರೂ ಒಬ್ಬರು ಪದ್ಯವನ್ನು ಪದ್ಯದ ಹಾಗೆ ಓದಿದರೆ ಸಾಕಿತ್ತು ನನಗೆ. ರಜೆ ಬಂತೆಂದರೆ ಚೀಲ ಹೆಗಲಿಗೇರಿಸಿ ಬಸ್ಸು ಹತ್ತುತ್ತಿದ್ದೆ. ಏನಾದರೊಂದು ಆಗದೆ ವಾಪಸು ಬಂದದ್ದೇ ಇಲ್ಲ.

೧. ಕೆಂಪು ಶಾಯಿ

ಚನ್ನಗಿರಿ ಕೋಟೆಯ ಮೇಲೆ ಬರೆದ ಪದ್ಯವನ್ನು ಅಲ್ಲಿನ ಹಿಸ್ಟರಿ ಮೇಷ್ಟ್ರಿಗೆ ಕೊಟ್ಟು ಬಂದೆ. ನಾಲ್ಕು ದಿನ ತಡೆಯಲಾಗದೆ ಮತ್ತೆ ಹೋದೆ. ಪುಟದ ತುಂಬಾ ಕೆಂಪು ಶಾಯಿ. 'ಕಟ್ಟಿದವರ ಹೆಸರಿಲ್ಲ, ಇಸವಿ ಇಲ್ಲ, ಕಾರಣಗಳನ್ನು ಅಂಶಗಳಾಗಿ ಬರೆದಿಲ್ಲ' ಅಂತ ಷರಾ. ಕೆಳಗೆ ಹತ್ತಕ್ಕೆ ನಾಲ್ಕು.

"ನಮ್ಮೋರು ಅಂತ ಪಾಸ್ ಮಾಡೀನ್ರಿ" ಅಂದರು.

೨. ಮುಖಪುಟ

ಹೊನ್ನಾಳಿಯ ಕಟಿಂಗ್ ಅಂಗಡಿಯಲ್ಲಿ ಕಾಯುವವರು ಓದಲಿ ಅಂತ ಒಂದು ಪ್ರತಿ ಇಟ್ಟೆ. ತಿಂಗಳಾದ ಮೇಲೆ ನೋಡಿದರೆ ಮೂಲೆಗಳೆಲ್ಲ ಸವೆದು ಹೋಗಿವೆ. ನನಗೋ ಹಿಗ್ಗೋ ಹಿಗ್ಗು.

"ಎಲ್ಲಾರೂ ಓದ್ತಾರೇನಪ್ಪ?"

"ಓದೋದು ಗೊತ್ತಿಲ್ರಿ. ರಟ್ಟಿನ ಮ್ಯಾಲೆ ಪಾಳೇಗಾರನ ಚಿತ್ರ ಬರೆದೀರಲ್ಲ, ಅದನ್ನ ತೋರ್ಸಿ, ನನಗೂ ಹಿಂಗೇ ಮೀಸೆ ಬಿಡು ಅಂತಾರೆ."

ಕನ್ನಡಿ ಮುಂದೆ ಕೂತಿದ್ದ ಗಿರಾಕಿ ತಿರುಗಿದ. ಮೀಸೆ ನಾನು ಬರೆದದ್ದಕ್ಕಿಂತ ಚೆನ್ನಾಗಿತ್ತು.

೩. ಅಪ್ಪಣೆ

ಜಗಳೂರು ಕಡೆಯ ಒಂದು ಹಳ್ಳಿಯ ವೀರಗಲ್ಲಿನ ಮೇಲೆ ನನ್ನ ಅತ್ಯಂತ ದೊಡ್ಡ ಪದ್ಯ. ಊರಿಗೆ ಆ ಕಲ್ಲೇ ದೇವರು. ಪುಸ್ತಕವನ್ನು ಊರಗೌಡರ ಕೈಗಿತ್ತು ಬಂದಿದ್ದೆ. ಮನಸ್ಸು ತಡೆಯದೆ ವಾರದಲ್ಲೇ ಮತ್ತೆ ಹೋದೆ. ಕಲ್ಲಿನ ಮುಂದೆ ನನ್ನ ಪುಸ್ತಕ, ಅದಕ್ಕೆ ಅರಿಶಿನ, ಕುಂಕುಮ, ಹೂವು. ನನಗೆ ಕಣ್ಣಲ್ಲಿ ನೀರೇ ಬಂತು.

"ಹೆಂಗೈತೆ ಗೌಡ್ರೇ ಪದ್ಯ?"

"ಸ್ವಾಮಿ ಮ್ಯಾಲಿನ ಪುಸ್ತಕ, ಅಪ್ಪಣೆ ಇಲ್ದೆ ಓದಾಕೆ ಆಗತೈತೇನ್ರಿ? ಕಲ್ಲಿಗೆ ಹೂವಿಟ್ಟು ಕೇಳಿದ್ವಿ. ಓದು ಅಂದ್ರೆ ಬಲಕ್ಕೆ ಬೀಳಿಸಪ್ಪ, ಬ್ಯಾಡ ಅಂದ್ರೆ ಎಡಕ್ಕೆ ಅಂತ."

"ಬಿತ್ತಾ?"

"ಮೂರು ಸಲ ಕೇಳಿದ್ವಿ. ಮೂರು ಸಲಾನೂ ಎಡಕ್ಕೇ."

ನಾನು ಕಲ್ಲಿನ ಕಡೆ ನೋಡಿದೆ. ಒಂದು ವರ್ಷ ಕೂತು ಬರೆದದ್ದು ಇವನ ಮೇಲೆಯೇ. ನನ್ನ ಮುಖ ಸಪ್ಪಗಾದದ್ದು ಕಂಡು ಗೌಡರು ಹೆಗಲ ಮೇಲೆ ಕೈಯಿಟ್ಟರು.

"ಬೇಜಾರು ಮಾಡ್ಕಬ್ಯಾಡ್ರಿ ಮೇಷ್ಟ್ರೇ. ಅವನಾದ್ರೂ ಪೂರ್ತಿ ಓದಿರ್ತಾನೆ. ಅದಕ್ಕೇ ನಮಗೆ ಬ್ಯಾಡ ಅಂದಾನೆ."