ಮೂರು ಗೆರೆ ಮಹಾಶಯರಿಗೆ, ಬಾರದೆ ಉಳಿದ ಎರಡನೆಯ ಮಿಸ್ ಕಾಲ್ ಕುರಿತು

ಬ್ಯಾಡಗಿ, ಜೂನ್ ೨೦೦೭

ನನ್ನ ಮೊಬೈಲಿನ ಮೇಲ್ಮೂಲೆಯಲ್ಲಿ ವಿರಾಜಮಾನರಾಗಿ, ಬ್ಯಾಟರಿಯ ಬಲವನ್ನು ಲೋಕಕ್ಕೆ ಸಾರುವ ಮೂರು ಗೆರೆಗಳ ಸನ್ನಿಧಾನಕ್ಕೆ,

ಮಾನ್ಯರೇ,

ಮೊದಲಿಗೆ ತಮ್ಮ ಮೂವರ ಕ್ಷೇಮವನ್ನು ವಿಚಾರಿಸುತ್ತೇನೆ. ಅದರ ಅಗತ್ಯವಿಲ್ಲವೆಂದು ಬಲ್ಲೆ. ಬ್ಯಾಟರಿ ತುಂಬಿದಾಗಲೂ ತಾವು ಮೂರು, ಅರ್ಧವಾದಾಗಲೂ ಮೂರು, ಪ್ರಾಣ ಹೋಗುವ ಹಿಂದಿನ ನಿಮಿಷದಲ್ಲೂ ಮೂರು. ಇಂಥ ನೆಮ್ಮದಿಯನ್ನು ನಾನು ಇದುವರೆಗೆ, ತಾಲ್ಲೂಕಿನ ಕೊಳವೆಬಾವಿಗಳೆಲ್ಲ ಸುಸ್ಥಿತಿಯಲ್ಲಿವೆ ಎಂದು ಬರೆಯುವ ಪ್ರಗತಿ ವರದಿಗಳಲ್ಲಿ ಮಾತ್ರ ಕಂಡಿದ್ದೆ.

ನಮ್ಮ ಸೀಮೆಯಲ್ಲಿ ಮೊಬೈಲು ಮಾತನಾಡುವ ಯಂತ್ರವಲ್ಲ, ಮಿಸ್ ಕಾಲ್ ಕೊಡುವ ಯಂತ್ರ ಎಂಬುದು ತಮಗೆ ತಿಳಿದದ್ದೇ. ಒಂದು ಬಂದರೆ ಬಸ್ಸು ಹತ್ತಿದ್ದೇನೆ ಎಂದು, ಎರಡು ಬಂದರೆ ಊಟಕ್ಕೆ ಕಾಯಬೇಡಿ ಎಂದು. ಈ ಎರಡೇ ಅಕ್ಷರಗಳ ಭಾಷೆಯಲ್ಲಿ ಇಡೀ ಸಂಸಾರ ತೂಗಿಸುವವರಿದ್ದಾರೆ.

ನನ್ನ ತಂಗಿ ಮಹೇಶ್ವರಿ ಹಾವೇರಿಯಲ್ಲಿ ಶಿಕ್ಷಕಿ ತರಬೇತಿಯ ಮೊದಲ ವರ್ಷ ಮುಗಿಸಿದ್ದಾಳೆ. ರಾಣೆಬೆನ್ನೂರಿನ ಗದಿಗೆವ್ವ ಎಂಬವರು ತಮ್ಮ ಮಗನಿಗೆ ಆಕೆಯನ್ನು ಕೇಳಿದರು. ಮದುವೆ ಶ್ರಾವಣದಲ್ಲೇ ಆಗಬೇಕು, ಆಮೇಲೆ ಸೊಸೆ ಹಾವೇರಿಗೆ ಓಡಾಡುವಂತಿಲ್ಲ ಎಂದರು. ಎರಡನೆಯ ವರ್ಷವನ್ನು ರಾಣೆಬೆನ್ನೂರಿನಲ್ಲೇ ಓದಲು ವರ್ಗಾವಣೆ ಸಿಕ್ಕರೆ ಒಪ್ಪುತ್ತೇನೆ, ಸಿಗದಿದ್ದರೆ ಇಲ್ಲ ಎಂದಳು ಮಹೇಶ್ವರಿ. ಅದನ್ನು ವಿಚಾರಿಸಲು ಆಕೆ ಹಾವೇರಿಗೆ ಹೋದ ದಿನವೇ ನಾವು ಮಾತುಕತೆಗೆಂದು ರಾಣೆಬೆನ್ನೂರಿಗೆ ಹೊರಟೆವು. ಹಿರಿಯರು ಕೂಡುವ ಮಾತುಕತೆಗೆ ಹುಡುಗಿಯನ್ನು ಕರೆದೊಯ್ಯುವ ಪದ್ಧತಿ ನಮ್ಮಲ್ಲಿಲ್ಲ. ಅಲ್ಲಿ ಬಾಯಿಗೆ ಸಕ್ಕರೆ ಬಿದ್ದರೆ ಸಂಬಂಧ ಗಟ್ಟಿಯಾದಂತೆ.

ಹೆಣ್ಣಿನ ಒಪ್ಪಿಗೆಯಿಲ್ಲದ ಮದುವೆ ದನದ ಸಂತೆಗಿಂತ ಕಡೆ ಎಂದು ಎಷ್ಟೋ ಕಿರುಹೊತ್ತಿಗೆಗಳಲ್ಲಿ ಗೆರೆ ಎಳೆದು ಓದಿದವನು ನಾನು. ಅಪ್ಪ ಪ್ರಭುಲಿಂಗಪ್ಪನವರೊಡನೆ ಮೂರು ದಿನ ಜಗಳವಾಡಿ ತಂಗಿಗೊಂದು ಹಕ್ಕು ಗಳಿಸಿಕೊಟ್ಟೆ: ಹಾವೇರಿಯ ಕಾಯಿನ್ ಬಾಕ್ಸಿನಿಂದ ಆಕೆಯ ಮಿಸ್ ಕಾಲ್ ಬರುವ ತನಕ ಯಾರೂ ಸಕ್ಕರೆ ಮುಟ್ಟುವಂತಿಲ್ಲ. ಒಂದು ಬಂದರೆ ಹೂಂ, ಎರಡು ಬಂದರೆ ಬೇಡ.

ಆ ಬೆಳಿಗ್ಗೆ ಚಾರ್ಜರ್ ಕೈಯಲ್ಲಿ ಹಿಡಿದೇ ತಮ್ಮ ದರ್ಶನ ಪಡೆದೆ. ಮೂರು ಗೆರೆ. ಚಾರ್ಜರನ್ನು ಗೂಟಕ್ಕೆ ತೂಗುಹಾಕಿ ಹೊರಟೆ. ಮೋಟೆಬೆನ್ನೂರು ದಾಟುವಾಗ ಮತ್ತೆ ನೋಡಿದೆ, ಮೂರು. ಗದಿಗೆವ್ವನವರ ಪಡಸಾಲೆಯಲ್ಲಿ ಎಲೆ ಅಡಿಕೆಯ ತಟ್ಟೆಯ ಪಕ್ಕ ಮೊಬೈಲಿಟ್ಟೆ. ಎಂಟು ಮಂದಿ ಹಿರಿಯರು, ಅದು ಆಶೀರ್ವಚನ ನೀಡಲಿದೆಯೋ ಎಂಬಂತೆ, ಅದನ್ನೇ ನೋಡುತ್ತ ಕುಳಿತರು. ಹನ್ನೆರಡೂಕಾಲಿಗೆ ಒಮ್ಮೆ ಕೂಗಿ ಸುಮ್ಮನಾಯಿತು. ಎರಡನೆಯದಕ್ಕಾಗಿ ಅಪ್ಪನ ಕೈಗಡಿಯಾರ ನೋಡುತ್ತ ಹತ್ತು ನಿಮಿಷ ಕಾಯ್ದೆ.

“ಒಂದ ಬಂತಲ್ಲಪಾ, ಇನ್ನ ಅದಕ್ಕ ಮಂಗಳಾರತಿ ಮಾಡ್ಬೇಕೇನು?” ಎಂದರು ಅಪ್ಪ.

ತಂಗಿ ಒಪ್ಪಿದ್ದಾಳೆ ಎಂದು ನಾನೇ, ನನ್ನ ಈ ಬಾಯಿಂದಲೇ, ಘೋಷಿಸಿದೆ. ಎಲ್ಲರೂ ಸಕ್ಕರೆ ತಿಂದರು. ಆಮೇಲೆ ಗುಂಡಿ ಒತ್ತಿ ನೋಡಿದರೆ ತೆರೆ ಕಪ್ಪಗಿತ್ತು. ಒಂದೇ ಕೂಗಿಗೆ ತಾವು ಮೂವರೂ ರಾಜೀನಾಮೆ ಪತ್ರವನ್ನೂ ಕೊಡದೆ ಹೊರಟುಹೋಗಿದ್ದಿರಿ.

ಮಹೇಶ್ವರಿಗೆ ವರ್ಗಾವಣೆ ಸಿಕ್ಕಿರಲಿಲ್ಲ. ಎರಡನೆಯ ಸಲ ಫೋನ್ ಹಚ್ಚಿದಾಗ ಸ್ವಿಚ್ ಆಫ್ ಎಂಬ ದನಿ ಕೇಳಿ, ಅಣ್ಣನಿಗೆ ಹೇಗೂ ಅರ್ಥವಾಗಿದೆ, ಅದಕ್ಕೇ ಬಂದ್ ಮಾಡಿದ್ದಾನೆ ಎಂದುಕೊಂಡು ನಿಶ್ಚಿಂತೆಯಿಂದ ಮನೆಗೆ ಬಂದಿದ್ದಳು. ಆ ನಿಶ್ಚಿಂತ ಮುಖಕ್ಕೆ ನಾನು ಸುದ್ದಿ ಹೇಳಬೇಕಾಯಿತು. ಆ ಸಂಜೆ ತಾವು ಚಾರ್ಜರಿನ ಆಶ್ರಯದಲ್ಲಿ ಒಂದೊಂದಾಗಿ ಏರುತ್ತ ಇಳಿಯುತ್ತ ಆಟವಾಡುತ್ತಿದ್ದಿರಿ.

ಇಷ್ಟಾದರೂ ತಮ್ಮನ್ನು ದೂರುವ ಧೈರ್ಯ ನನಗಿಲ್ಲ. ಆ ರಾತ್ರಿಯೇ ಕೆಲವು ವಿನಂತಿ ಮಾಡಿಕೊಂಡೆ. ತಾವು ಮೂವರೂ ಮೊಬೈಲಿನಿಂದ ಇಳಿದು, ಬಸ್ಸು ಹತ್ತಿ, ಆ ಎಂಟು ಹಿರಿಯರ ಮುಂದೆ ಕೈಮುಗಿದು ನಿಜ ಹೇಳಬೇಕು. ಅದು ಆಗದಿದ್ದರೆ ಮೂವರಲ್ಲಿ ಒಬ್ಬರಾದರೂ ಇನ್ನುಮುಂದೆ ಸುಳ್ಳು ಬಿಟ್ಟು ಬಾಳಬೇಕು. ಇಬ್ಬರು ಏನು ಹೇಳಿದರೂ ಸಹಿಸಿಕೊಳ್ಳುತ್ತೇನೆ. ಅದೂ ಕಷ್ಟವೆಂದರೆ ಚುನಾವಣೆಗೆ ನಿಲ್ಲಿರಿ, ಯೋಗ್ಯತೆಗೆ ಕೊರತೆಯಿಲ್ಲ.

ತಾವು ಇಳಿಯಲಿಲ್ಲ. ತಿಂದ ಸಕ್ಕರೆಯನ್ನು ಉಗುಳಲಾಗದು ಎಂದು ಅಪ್ಪ ಅತ್ತ ತಿರುಗಿ ಕುಳಿತರು. ಮರುದಿನ ಮಹೇಶ್ವರಿ ಮೊದಲ ಬಸ್ಸಿಗೆ ರಾಣೆಬೆನ್ನೂರಿಗೆ ಹೊರಟಳು. ನಾನು ಹಿಂದಿನ ಸೀಟಿನಲ್ಲಿ ಕುಳಿತೆ. ಅದೇ ಪಡಸಾಲೆಯಲ್ಲಿ ನಿಂತು, ಓದು ಬಿಟ್ಟು ಬರಲಾರೆ, ಒಪ್ಪಿಗೆ ಎಂದದ್ದು ನಾನಲ್ಲ ಎಂದು ಆಕೆ ಎರಡೇ ಮಾತಿನಲ್ಲಿ ಮುಗಿಸಿದಳು. ಗದಿಗೆವ್ವನವರು ಬೈಯುತ್ತಾರೆಂದು ನಾನು ನೆಲ ನೋಡುತ್ತಿದ್ದೆ.

“ಸಕ್ಕರಿ ನಿನ್ನೇನ ಕರಗೇತಿ, ಬಿಡವಾ,” ಎಂದವರು ನನ್ನತ್ತ ತಿರುಗಿದರು. “ಅಲ್ಲೋ ತಮ್ಮಾ, ನಿನ್ನೆ ಬಸ್ಸಿನ್ಯಾಗ ಮೊಬೈಲಿಗೆ ಜಾಗ ಇತ್ತು, ಈಕಿಗಿ ಇರಲಿಲ್ಲೇನು?”

ನಾನು ಗೆರೆ ಎಳೆದು ಓದಿದ ಯಾವ ಕಿರುಹೊತ್ತಿಗೆಯೂ ಈ ಪ್ರಶ್ನೆ ಕೇಳಿರಲಿಲ್ಲ. ಜೇಬಿನಲ್ಲಿ ತಾವು ಮೂವರೂ ನೆಟ್ಟಗೆ ನಿಂತಿದ್ದಿರಿ.

ದಿನಕ್ಕೆರಡು ಸಲ ಚಾರ್ಜ್ ಮಾಡಿದರೂ ವಿಶ್ವಾಸ ಸಾಲದ, ಆದರೂ
ತಮ್ಮ ವಿಶ್ವಾಸಿ,
ವಿಜಯಮಹಾಂತೇಶ

ತಾ.ಕ.: ಮುಂದಿನ ವರ್ಷ ಓದು ಮುಗಿದ ಮೇಲೆ ಮತ್ತೊಂದು ಮನೆಯವರು ಮಾತುಕತೆಗೆ ಕರೆದಾರು. ಮಹೇಶ್ವರಿ ಹಿರಿಯರ ನಡುವೆ ಕೂಡುತ್ತಾಳೆ. ತಾವು ದಯವಿಟ್ಟು ಮನೆಯಲ್ಲೇ ಇದ್ದು, ಕರೆದಾಗ ಮಾತ್ರ ಬರುವ ಮರ್ಯಾದಸ್ಥರಂತೆ, ಬಾಗಿಲ ಮರೆಯಲ್ಲಿ ನಿಂತಿರಿ.