ಬ್ಯಾರನ್ ಗೋಡೆಗೆ ತೂಗಿದ ಕಮೋಡ್

ನೆಲ ಮುಟ್ಟುವ ಕಮೋಡನ್ನು ತನ್ನ ಮನೆಗೆ ತರುವುದಿಲ್ಲವೆಂದು ಬೆಟ್ಟದಪುರದ ಮಂಟಯ್ಯ ಭೀಷ್ಮಪ್ರತಿಜ್ಞೆ ಮಾಡಿದ. ಮೈಸೂರಿನ ಮದುವೆ ಛತ್ರವೊಂದರಲ್ಲಿ, ಗೋಡೆಗೆ ಅಂಟಿಕೊಂಡು ಗಾಳಿಯಲ್ಲೇ ನಿಂತಿದ್ದ ಬಿಳಿ ಕಮೋಡನ್ನು ಕಂಡು ಬಂದಾಗಿನಿಂದ ಅವನಿಗೆ ಬೇರೆ ಕನಸೇ ಬೀಳುತ್ತಿರಲಿಲ್ಲ. ಹೊಗೆಸೊಪ್ಪಿನ ಹೊಲದ ಬದುವಿನಲ್ಲಿ ಕೂತರೆ ಸಾಕು, ಆಕಾಶದ ಮೋಡಗಳೆಲ್ಲ ಅದೇ ಆಕಾರ ತಾಳುತ್ತಿದ್ದವು.

ಅವನ ಹೆಂಡತಿ ಭಾಗ್ಯಮ್ಮನಿಗೆ ಇಷ್ಟೆಲ್ಲ ಬೇಕಿರಲಿಲ್ಲ. ಮಂಡಿನೋವಿನಿಂದ ಕುಕ್ಕರಗಾಲಲ್ಲಿ ಕೂರಲಾಗದೆ ಒಂದು ವರ್ಷದಿಂದ ಪಡಬಾರದ ಪಾಡು ಪಡುತ್ತಿದ್ದಳು. "ಗಾಳೀಲಾದ್ರೂ ಇರ್ಲಿ, ನೆಲದ ಮೇಲಾದ್ರೂ ಇರ್ಲಿ, ಕೂರಂಗಿದ್ರೆ ಸಾಕು ಕಣ್ರೀ," ಎಂದಳು.

ಪಿರಿಯಾಪಟ್ಟಣದ ಪ್ಲಂಬರ್ ಉಮಾಶಂಕರ ಬಂದು ಅಳತೆ ಹಿಡಿದ. ನಾಲ್ಕಿಂಚಿನ ಗೋಡೆ ಇಂಥ ಭಾರ ತಾಳುವುದಿಲ್ಲ, ಒಂಬತ್ತಿಂಚಿನ ಇಟ್ಟಿಗೆ ಗೋಡೆ ಕಟ್ಟಿ ಕಬ್ಬಿಣದ ಫ್ರೇಮ್ ಕೂರಿಸಬೇಕು ಎಂದ. ಮಂಟಯ್ಯ ನಕ್ಕುಬಿಟ್ಟ. ಹಿತ್ತಲಲ್ಲಿ ಹೊಗೆಸೊಪ್ಪು ಬೇಯಿಸಲು ಅವನ ಅಪ್ಪ ಕಟ್ಟಿಸಿದ್ದ ಬ್ಯಾರನ್ ಇತ್ತು. ಅದರ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ.

"ಒಂಬತ್ತಿಂಚೇನ್ಲಾ, ಹದಿನೆಂಟಿಂಚು ತಕೋ. ಆನೆ ಕುಂತ್ರೂ ಜಗ್ಗಾಕಿಲ್ಲ."

"ಮಂಟಣ್ಣ, ಅದು ಮಣ್ಣು ಕಣಣ್ಣ. ಬೋಲ್ಟ್ ಹಿಡಿಯಾಕಿಲ್ಲ."

ಮಂಟಯ್ಯನ ಮನಸ್ಸು ಆಗಲೇ ಮೋಡದ ಮೇಲಿತ್ತು. ಬ್ಯಾರನ್ನಿಗೆ ಒತ್ತಿಕೊಂಡೇ ಬಾತ್‌ರೂಮು ಎದ್ದಿತು. ಮೊಳದುದ್ದದ ಬೋಲ್ಟು, ಅದರ ಸುತ್ತ ಸಿಮೆಂಟು, ಅದಕ್ಕೆ ಕಮೋಡು. ಭಾಗ್ಯಮ್ಮ ನಂಬದೆ ಮೊದಲು ಒಂದು ರಾಗಿ ಮೂಟೆ ಕೂರಿಸಿ ನೋಡಿದಳು. ಮೂಟೆ ಅಲ್ಲಾಡಲಿಲ್ಲ. ಆಮೇಲೆ ತಾನು ಕೂತು ಹಾಯೆಂದು ಉಸಿರುಬಿಟ್ಟಳು. ಮಂಟಯ್ಯ ಊರೆಲ್ಲ ಹೇಳಿಕೊಂಡು ಬಂದ.

ಇಪ್ಪತ್ತು ದಿನಕ್ಕೆ ಸೊಪ್ಪು ಮುರಿಯುವ ಕಾಲ ಬಂತು. ಬ್ಯಾರನ್ನಿಗೆ ತುಂಬಿ ಬೆಂಕಿ ಹಾಕಿದರು. ಎರಡನೆಯ ದಿನ ಕಮೋಡು ಬೆಚ್ಚಗಾಯಿತು. ಮೂರನೆಯ ದಿನ ಫ್ಲಶ್ ಒತ್ತಿದರೆ ಬಿಸಿನೀರು. ಛತ್ರದವರಿಗೂ ಇಲ್ಲದ ಸೌಭಾಗ್ಯವೆಂದು ಮಂಟಯ್ಯ ಬೀಗಿದ. ನಾಲ್ಕನೆಯ ದಿನ ಬೆಳಿಗ್ಗೆ ಅದರ ಮೇಲೆ ಕೂತವನಿಗೆ, ಎಳೆಬಿಸಿಲಿಗೆ ಮೈಯೊಡ್ಡಿದಂತೆ ಮಂಪರು ಹತ್ತಿತು. ಬೇಯುವ ಸೊಪ್ಪಿನ ಸಿಹಿ ವಾಸನೆ ಗೋಡೆಯಾಚೆಯಿಂದ ತೇಲಿ ಬಂತು. ತಾನೊಂದು ಮೋಡದ ಮೇಲೆ ಕೂತು ಬೆಟ್ಟ ದಾಟಿ, ಕೆರೆ ದಾಟಿ, ಕೊಡಗಿನ ಕಡೆ ಹೊರಟಿದ್ದಾನೆ. ಕೆಳಗಿನ ಜನ ಕೈ ಬೀಸುತ್ತಿದ್ದಾರೆ. ಮೋಡ ಮೆಲ್ಲಗೆ ಇಳಿಯತೊಡಗಿದ್ದೂ ಅವನಿಗೆ ಹಿತವಾಗಿಯೇ ಇತ್ತು.

ಸಿಮೆಂಟು ಹಾಕುವಾಗ ಬೋಲ್ಟಿನ ಸುತ್ತ ನೆನೆದಿದ್ದ ಮಣ್ಣು ಕಾವಿಗೆ ಒಣಗಿ ಬಿರಿದು, ಬೋಲ್ಟು ಕಿತ್ತು ಬಂದಿತ್ತು. ಕಮೋಡು ಚೂರಾಯಿತು, ಮಂಟಯ್ಯನ ಸೊಂಟ ಉಳುಕಿತು, ಭಾಗ್ಯಮ್ಮನಿಗೆ ಮತ್ತೆ ಹಳೆಯ ಪಾಡು.

ವಾರದ ಮೇಲೆ ಉಮಾಶಂಕರ ಎದುರು ಮೂಲೆಯಲ್ಲಿ ನೆಲದ ಮೇಲೆ ಕೂರುವ ಕಮೋಡು ಹಾಕಿ ಹೋದ. ಸಿಮೆಂಟು ಒಣಗಿದ ಬೆಳಿಗ್ಗೆ ಗಂಡ ಹೆಂಡತಿ ಒಟ್ಟಿಗೇ ಬಾಗಿಲಿಗೆ ಬಂದರು. ಗೋಡೆ ಹಿಡಿದು ನಿಂತ ಮಂಟಯ್ಯ, ಅವಳೇ ಮೊದಲು ಹೋಗಲೆಂದು ತಲೆ ತಗ್ಗಿಸಿ ಗೊಣಗಿದ.

ಭಾಗ್ಯಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವೇ ಕುಂತ್ಕಳಿ. ಕಾಯೋದು ನಂಗೆ ರೂಢಿಯಾಗ್ಬುಟ್ಟದೆ."