ಬ್ರುಸ್ಕವೆಂತೊಗಳಿಗೆ ಒಂದು ತಲೆ ಕಡಿಮೆ

ಜೊವಾಕ್ಕಿನೊ ಬ್ರುಸ್ಕವೆಂತೊ ತೊಂಬತ್ತೊಂದನೆಯ ವಯಸ್ಸಿನಲ್ಲಿ, ನಿದ್ದೆಯಲ್ಲೇ, ಯಾರಿಗೂ ತೊಂದರೆ ಕೊಡದೆ ತೀರಿಕೊಂಡ. ಇಟಲಿಯ ಸೆಲ್ವರೊಟ್ಟ ಎಂಬ ಊರಿನಲ್ಲಿ ಅದಕ್ಕಾಗಿ ನಿಜವಾಗಿ ಎದೆ ಬಡಿದುಕೊಂಡವನು ಅವನ ಅಣ್ಣನ ಮಗ ಎವಾಜಿಯೊ ಒಬ್ಬನೇ. ಅದೂ ಚಿಕ್ಕಪ್ಪ ಹೋದನೆಂದಲ್ಲ, ಒಂದು ತಲೆ ಕಡಿಮೆಯಾಯಿತೆಂದು.

ಕಾರಣವಿತ್ತು. ಊರಿನ ಭತ್ತದ ಗದ್ದೆಗಳ ನಡುವೆ ಓಕ್ ಮರಗಳ ಒಂದು ಕಾಡಿದೆ. ಏಳುನೂರು ವರ್ಷಗಳ ಹಿಂದೆ ಯಾವನೋ ದೊರೆ ಅದನ್ನು ಹದಿನಾಲ್ಕು ಮನೆತನಗಳಿಗೆ ಬರೆದುಕೊಟ್ಟ. ವರ್ಷಕ್ಕೊಮ್ಮೆ, ಸಂತ ಮಾರ್ಟಿನ್ನನ ಹಬ್ಬದ ದಿನ, ಕಾಡಿನ ಸೌದೆಯನ್ನು ಹದಿನಾಲ್ಕು ಪಾಲು ಮಾಡಿ ಚೀಟಿ ಎತ್ತುತ್ತಾರೆ. ಪಾಲು ಅಡ್ಡಹೆಸರಿಗೆ, ತಲೆಗಲ್ಲ. ಬೆರ್ತೊಲಾಸ್ಕೊ ಎಂಬ ಅಡ್ಡಹೆಸರಿನವರು ಊರಲ್ಲಿ ನೂರಹದಿನೆಂಟು ಮಂದಿ. ತಲೆಗೆ ಬರುವ ಸೌದೆ ಒಂದು ಸಲ ಚೆಸ್ಟ್‌ನಟ್ ಸುಡುವುದಕ್ಕೆ ಸಾಕು, ಎರಡನೆಯ ಸಲಕ್ಕೆ ಪಕ್ಕದ ಮನೆಗೆ ಹೋಗಬೇಕು. ಬ್ರುಸ್ಕವೆಂತೊಗಳು ಇಬ್ಬರೇ. ಎವಾಜಿಯೊ ಜನವರಿಯಲ್ಲಿ ಕಿಟಕಿ ತೆರೆದಿಟ್ಟುಕೊಂಡು ಒಲೆ ಉರಿಸುತ್ತಿದ್ದ.

ಆದರೆ ನಿಯಮಾವಳಿಯಲ್ಲಿ ಒಂದು ಸಾಲು ಹೀಗಿತ್ತು: ಮರ ಕೊಯ್ಯುವ ಗರಗಸಕ್ಕೆ ಹಿಡಿ ಎರಡು, ಆದ್ದರಿಂದ ಹಾಜರಿ ಕರೆದಾಗ ಎರಡು ತಲೆಗಳಾದರೂ ಇಲ್ಲದ ಮನೆತನವನ್ನು ಪಟ್ಟಿಯಿಂದ ಶಾಶ್ವತವಾಗಿ ಹೊಡೆದುಹಾಕಿ, ಅದರ ಪಾಲನ್ನು ಉಳಿದವರಿಗೆ ಹಂಚತಕ್ಕದ್ದು. ಚಿಕ್ಕಪ್ಪನ ಶವಪೆಟ್ಟಿಗೆಯ ಪಕ್ಕದಲ್ಲೇ ಕ್ಷೌರಿಕ ಒರೆಸ್ತೆ ಬೆರ್ತೊಲಾಸ್ಕೊ ಎವಾಜಿಯೊನ ಕೈ ಹಿಡಿದು, ಕಣ್ಣು ತುಂಬಿಕೊಂಡು ಕೇಳಿದ್ದ: "ದೇವರಿಚ್ಛೆ, ಎವಾಜಿಯೊ. ಅಂದಹಾಗೆ ಈ ಸಲ ಒಂದೊಂದು ಪಾಲಲ್ಲಿ ಎಷ್ಟು ಮರ ಬಂದಿದೆಯಂತೆ?"

ಇಷ್ಟು ದಿನ ಎವಾಜಿಯೊಗೆ ತನ್ನ ಅಡ್ಡಹೆಸರಿನ ವಿರಳತೆಯೇ ಆಸ್ತಿಯಾಗಿತ್ತು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು ನಿವೃತ್ತನಾದ ಬ್ರಹ್ಮಚಾರಿ. ಬೇರೆ ಆಸ್ತಿ ಅವನಿಗಿರಲಿಲ್ಲ. ಮೂವತ್ತು ವರ್ಷಗಳಿಂದ ಚೌಕದ ಕಾಫಿ ಅಂಗಡಿಯಲ್ಲಿ ಕೂತು ಅವನು ಸಾರುತ್ತ ಬಂದದ್ದು ಒಂದೇ ಮಾತು: "ಬೆರ್ತೊಲಾಸ್ಕೊ ಅನ್ನೋದು ನೆಗಡಿ ಇದ್ದ ಹಾಗೆ ಕಣ್ರೋ, ಯಾರಿಗೆ ಬೇಕಾದ್ರೂ ಇರತ್ತೆ. ಬ್ರುಸ್ಕವೆಂತೊ ಆಗ್ಬೇಕಾದ್ರೆ ರಕ್ತ ಬೇಕು. ದೊರೆ ಮುಂದೆ ಬಾವುಟ ಹಿಡಿದು ನಡೆದವನ ರಕ್ತ!"

ಈಗ ಆ ರಕ್ತ ಇನ್ನೆಲ್ಲಾದರೂ ಒಂದು ತೊಟ್ಟು ಉಳಿದಿದೆಯೇ ಎಂದು ಹುಡುಕುವ ಕಾಲ ಬಂತು. ಗ್ರಂಥಾಲಯದ ಹುಡುಗಿ ಕಂಪ್ಯೂಟರಿನಲ್ಲಿ ಹೆಸರು ಒತ್ತಿದಳು. ಇಟಲಿಯ ಭೂಪಟ ಒಗೆದ ಬಟ್ಟೆಯಂತೆ ಬೆಳ್ಳಗೆ ಬಂದು ನಿಂತಿತು. ಮೇಲ್ಭಾಗದಲ್ಲಿ ಒಂದೇ ಒಂದು ಕೆಂಪು ಚುಕ್ಕೆ.

"ನೋಡಮ್ಮ, ಒಬ್ರಿದಾರೆ! ಯಾರದು?" ಎಂದ ಎವಾಜಿಯೊ.

"ನೀವೇ," ಎಂದಳು ಹುಡುಗಿ.

ಆಮೇಲೆ ಅವಳು ಇಡೀ ಪ್ರಪಂಚದ ಪಟ ತೆರೆದಳು. ಬ್ರೆಜಿಲ್ಲಿನ ದಕ್ಷಿಣ ತುದಿಗೆ ದಡಾರ ಎದ್ದ ಹಾಗಿತ್ತು. ಇನ್ನೂರ ಹನ್ನೊಂದು ಮಂದಿ ಬ್ರುಸ್ಕವೆಂತೊಗಳು! ಎವಾಜಿಯೊಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ, ಪ್ರಪಂಚದಲ್ಲೇ ತಾನೊಬ್ಬನೇ ಎಂಬ ಹೆಮ್ಮೆ ದೊಡ್ಡದೋ, ಓಕ್ ಸೌದೆ ದೊಡ್ಡದೋ ಎಂದು ತೂಗಿ ನೋಡಿ, ಕಾಗದ ಬರೆದ. ಜುಸ್ಸಾರ ಎಂಬ ಹೆಂಗಸಿನ ಉತ್ತರ ಬಂತು. ನಾನೂ ನನ್ನ ಇಬ್ಬರು ತಮ್ಮಂದಿರೂ ಹಿರಿಯರ ಊರು ನೋಡಲೆಂದು ಹೇಗೂ ಹೊರಟಿದ್ದೇವೆ. ಹಬ್ಬದ ದಿನ ಬೆಳಿಗ್ಗೆ ಒಂಬತ್ತು ನಲವತ್ತರ ಬಸ್ಸಿಗೆ ಬರುತ್ತೇವೆ.

ಹಾಜರಿ ಹನ್ನೊಂದಕ್ಕೆ. ಬೇಕಾದಷ್ಟು ಹೊತ್ತಿತ್ತು. ಎವಾಜಿಯೊ ಎದುರುಮನೆಯ ವಿಧವೆ ಸೆಕೊಂದೀನಾಗೆ ಮಾತ್ರ ವಿಷಯ ಹೇಳಿ, ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡ. ಆಮೇಲೆ ಕನ್ನಡಿ ನೋಡಿಕೊಂಡಾಗ, ಏಳು ಸಮುದ್ರ ದಾಟಿ ಬರುವ ರಕ್ತಸಂಬಂಧಿಗಳೆದುರು ಮೂರು ದಿನದ ಗಡ್ಡದಲ್ಲಿ ನಿಲ್ಲುವುದು ಬಾವುಟ ಹಿಡಿದವನ ವಂಶಕ್ಕೆ ಶೋಭೆಯಲ್ಲ ಎನಿಸಿತು. ಊರಿಗಿದ್ದದ್ದು ಒಂದೇ ಕ್ಷೌರದ ಅಂಗಡಿ.

"ಬಾ ಬಾ, ಎವಾಜಿಯೊ," ಎಂದ ಒರೆಸ್ತೆ, ಕೊರಳಿಗೆ ಬಿಳಿ ಬಟ್ಟೆ ಬಿಗಿಯುತ್ತ. "ಬ್ರೆಜಿಲ್ಲಿಂದ ನೆಂಟರು ಬರ್ತಾರಂತೆ?"

"ಯಾರು ಹೇಳಿದ್ದು?"

"ಸೆಕೊಂದೀನಾ. ಯಾರಿಗೂ ಹೇಳ್ಬೇಡ ಅಂದ್ಲು. ಇಲ್ಲಿ ಕೂತಿದ್ದ ಐದು ಜನಕ್ಕೂ ಅದನ್ನೇ ಹೇಳಿ ಹೋದ್ಲು."

ನೊರೆ ಏರಿತು. ಬಲಗೆನ್ನೆ ಬೆಣ್ಣೆಯಂತೆ ನುಣುಪಾಯಿತು. ಒರೆಸ್ತೆ ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದ.

"ಮೊಂಡಾಗಿದೆ ಕಣಯ್ಯ. ಹಬ್ಬದ ದಿನ ನಿನ್ನ ಕೆನ್ನೆ ಕುಯ್ದು ಪಾಪ ಕಟ್ಕೊಳ್ಳಲಾ? ಮಸೆದು ತರ್ತೀನಿ. ಅಲ್ಲಾಡ್ಬೇಡ."

ಎವಾಜಿಯೊ ಅಲ್ಲಾಡಲಿಲ್ಲ. ಹತ್ತು ನಿಮಿಷ ಅಲ್ಲಾಡಲಿಲ್ಲ, ಇಪ್ಪತ್ತು ನಿಮಿಷ ಅಲ್ಲಾಡಲಿಲ್ಲ. ಚೌಕದಲ್ಲಿ ಬಸ್ಸಿನ ಹಾರನ್ ಕೇಳಿದ ಮೇಲೆ ಎದ್ದು ನೋಡಿದರೆ ಬಾಗಿಲಿಗೆ ಹೊರಗಿನಿಂದ ಬೀಗ. ಗಾಜಿನ ಮೇಲೆ "ಈಗ ಬಂದೆ" ಎಂಬ ಫಲಕ.

ಅರವತ್ತಾರು ವರ್ಷದ ಮನುಷ್ಯ ಕಿಟಕಿಯಿಂದ ಇಳಿಯುವುದೆಂದರೆ, ದೇಹದ ಯಾವ ಭಾಗ ಮೊದಲು ಹೋಗಬೇಕೆಂಬ ಬಗ್ಗೆ ದೀರ್ಘ ಚರ್ಚೆ ನಡೆಯುತ್ತದೆ. ಮುಕ್ಕಾಲು ಗಂಟೆಯ ಮೇಲೆ ಎವಾಜಿಯೊ ಬೀದಿಗೆ ಬಿದ್ದ. ಕೊರಳಲ್ಲಿ ಬಿಳಿ ಬಟ್ಟೆ ಹಾರಿಸಿಕೊಂಡು, ಎಡಗೆನ್ನೆಯ ತುಂಬ ನೊರೆ ಹೊತ್ತುಕೊಂಡು, ನವೆಂಬರಿನ ಮಂಜಿನಲ್ಲಿ ಅವನು ಓಡುವುದನ್ನು ಕಂಡ ಒಬ್ಬ ಮುದುಕಿ, ಬಡವನಿಗೆ ಹೊದಿಕೆ ಹರಿದುಕೊಟ್ಟ ಸಂತ ಮಾರ್ಟಿನ್ನನೇ ತನ್ನ ಹಬ್ಬದ ದಿನ ಪ್ರತ್ಯಕ್ಷನಾದನೆಂದು ಅಲ್ಲೇ ಮೊಣಕಾಲೂರಿದಳು.

ಬಸ್ಸು ಹೋಗಿತ್ತು. ನಿಲ್ದಾಣದಲ್ಲಿ ಯಾರೂ ಇರಲಿಲ್ಲ. "ಮೂರು ಜನ, ಸೂಟ್‌ಕೇಸು, ತೆಳು ಕೋಟು," ಎಂದು ಹೊಗೆಸೊಪ್ಪಿನ ಅಂಗಡಿಯವನು ವರದಿ ಕೊಟ್ಟ. "ಸೆಕೊಂದೀನಾ ಕರ್ಕೊಂಡ್ ಹೋದ್ಲು. ಬಿಡಿಸ್ಕೊಂಡು ಬರೋದು ನಿನ್ನ ಪುಣ್ಯ."

ಸೆಕೊಂದೀನಾಳ ಅಡುಗೆಮನೆಯಲ್ಲಿ ಪಾನಿಸ್ಸ ಎಂಬ ಹುರುಳಿಕಾಯಿ ಬೀಜದ ಅನ್ನ ಹಬೆಯಾಡುತ್ತಿತ್ತು. ತಮ್ಮಂದಿರಿಬ್ಬರೂ ತಟ್ಟೆಯೊಳಗೆ ತಲೆ ಹುದುಗಿಸಿದ್ದರು. ಎದೆಗೆ ನೀಲಿ ಕಡತ ಅವುಚಿಕೊಂಡು ಕೂತಿದ್ದ ದಪ್ಪನೆಯ ಹೆಂಗಸು ಎವಾಜಿಯೊನನ್ನು ಕಂಡೊಡನೆ ಎದ್ದಳು. ಮುತ್ತಜ್ಜಿಯಿಂದ ಇಳಿದುಬಂದ ಅವಳ ಮಾತು ಊರಿನ ಯಾವ ಮುದುಕರ ಮಾತಿಗಿಂತಲೂ ಹಳೆಯದಾಗಿತ್ತು.

"ಚಿಕ್ಕಪ್ಪಯ್ಯಾ! ಕಡೇಗೂ ನಿಮ್ ಮೊಕ ನೋಡ್ದೆ. ಅರ್ಧ ಮೊಕನಾದ್ರೂ ನೋಡ್ದೆ!" ಎಂದು ಅಪ್ಪಿಕೊಂಡಳು. ನೊರೆಯಲ್ಲಿ ಅರ್ಧ ಅವಳ ಕೆನ್ನೆಗೆ ಹೋಯಿತು.

"ಹೊತ್ತಿಲ್ಲಮ್ಮ ಜುಸ್ಸಾರ, ಏಳಿ ಏಳಿ, ಹಾಜರಿ ಕರೀತಾರೆ!"

"ಏಳೋದೇನು?" ಸೆಕೊಂದೀನಾ ಸೌಟು ಎತ್ತಿ ಬಾಗಿಲಿಗೆ ಅಡ್ಡ ನಿಂತಳು. "ಸಮುದ್ರ ದಾಟಿ ಹಸ್ಕೊಂಡು ಬಂದಿರೋ ಮಕ್ಕಳು. ಎರಡನೇ ಸಲ ಬಡಿಸ್ದೆ ಕಳಿಸಿದ್ರೆ ಜನ ನನಗೇನಂತಾರೆ? ನೀನೂ ಕೂತ್ಕೋ. ಮೊದ್ಲು ಆ ಮುಖ ಒರೆಸ್ಕೋ, ನೋಡೋಕಾಗಲ್ಲ."

"ಸೆಕೊಂದೀನಾ, ನನ್ನ ವಂಶ ಮುಳುಗ್ತಾ ಇದೆ!"

"ಮುಳುಗ್ಲಿ, ಉಂಡು ಮುಳುಗ್ಲಿ."

ಕೊನೆಗೆ ತಮ್ಮಂದಿರನ್ನು ಒತ್ತೆಯಾಗಿ ಬಿಟ್ಟು ಅಕ್ಕನನ್ನು ಬಿಡಿಸಿಕೊಂಡದ್ದಾಯಿತು. ಎರಡೇ ತಲೆ ತಾನೆ ಬೇಕಾದದ್ದು. ಓಡುತ್ತಿರುವಾಗಲೇ ಚರ್ಚಿನ ಗಂಟೆ ಹನ್ನೊಂದು ಹೊಡೆಯಿತು.

ಆದರೆ ದೇವರು ಆ ದಿನ ಬೆರ್ತೊಲಾಸ್ಕೊಗಳ ಸಂತಾನಶಕ್ತಿಯ ರೂಪದಲ್ಲಿ ಬಂದಿದ್ದ. ಅಕ್ಷರಕ್ರಮದಲ್ಲಿ ಅವರೇ ಮೊದಲು. ನೂರಹದಿನೆಂಟು ಮಂದಿ ಒಬ್ಬೊಬ್ಬರಾಗಿ "ಹಾಜರ್" ಎನ್ನುವುದಕ್ಕೆ ಹನ್ನೆರಡು ನಿಮಿಷ ಹಿಡಿಯಿತು. ನೂರಹದಿನೆಂಟನೆಯವನ ಬಾಯಿ ಮುಚ್ಚುವ ಹೊತ್ತಿಗೆ ಸಭಾಂಗಣದ ಬಾಗಿಲು ದಡಾರನೆ ತೆರೆಯಿತು.

"ಬ್ರುಸ್ಕವೆಂತೊ!" ಎಂದು ಕರೆದರು ಕಾಡಿನ ಸಮಿತಿಯ ಅಧ್ಯಕ್ಷ ಫಿಲಿಬೆರ್ತೊ.

"ಹಾಜರ್!" ಎಂದ ಎವಾಜಿಯೊ, ಏದುಸಿರು ಬಿಡುತ್ತ.

"ಹಾಜರ್!" ಎಂದಳು ಜುಸ್ಸಾರ.

ಸಭೆಯಲ್ಲಿ ಗುಜುಗುಜು ಎದ್ದಿತು. ಒರೆಸ್ತೆ ಎದ್ದು ನಿಂತ. "ಅಧ್ಯಕ್ಷರೇ, ಒಂದನೇದು, ಅವನ ಕೊರಳಲ್ಲಿರೋದು ನನ್ನ ಅಂಗಡಿ ಬಟ್ಟೆ. ಎರಡನೇದು, ಬಸ್ಸಿಂದ ಇಳಿದೋರೆಲ್ಲ ಬ್ರುಸ್ಕವೆಂತೊ ಆಗೋದಾದ್ರೆ ನಾಳೆ ಡ್ರೈವರ್ರೂ ಸೌದೆ ಕೇಳ್ತಾನೆ. ನಿಯಮದಲ್ಲಿ ಬರೀ ಹೆಸರು ಸಾಲದು, ರಕ್ತ ಬೇಕು ಅಂತಿದೆ. ರಕ್ತಕ್ಕೆ ಸಾಕ್ಷಿ?"

ಜುಸ್ಸಾರ ಶಾಂತವಾಗಿ ನೀಲಿ ಕಡತವನ್ನು ಮೇಜಿನ ಮೇಲಿಟ್ಟಳು. ಮುದ್ರೆಯ ಮೇಲೆ ಮುದ್ರೆ. ಅಧ್ಯಕ್ಷರು ಕನ್ನಡಕ ಏರಿಸಿ ಓದಿದರು: ಸೆಲ್ವರೊಟ್ಟದಲ್ಲಿ ಹುಟ್ಟಿದ ಗಾವ್ದೆಂಜಿಯೊ ಬ್ರುಸ್ಕವೆಂತೊ ಸಾವಿರದ ಎಂಟುನೂರ ಎಂಬತ್ತೆಂಟರಲ್ಲಿ ಬ್ರೆಜಿಲ್ಲಿಗೆ ಹೋದದ್ದು, ಅವನ ಮಗ, ಮಗನ ಮಗ, ಆ ಮಗನ ಮಗಳು ಜುಸ್ಸಾರ.

"ಸರಿಯಾಗಿದೆ," ಎಂದರು ಅಧ್ಯಕ್ಷರು. ಅವರಿಗೆ ಹಸಿವಾಗಿತ್ತು. "ಎರಡು ತಲೆ. ಬ್ರುಸ್ಕವೆಂತೊ ಪಟ್ಟಿಯಲ್ಲಿ ಉಳೀತು. ಮುಂದಿನ ಹೆಸರು..."

ಇಲ್ಲಿಗೆ ಮುಗಿದಿದ್ದರೆ ಎವಾಜಿಯೊ ಇಂದಿಗೂ ಕಿಟಕಿ ತೆರೆದಿಟ್ಟು ಒಲೆ ಉರಿಸುತ್ತಿದ್ದ. ಆದರೆ ಕಡತದಲ್ಲಿ ಇನ್ನೂ ಒಂದು ಹಳದಿ ಹಾಳೆ ಇರುವುದು ಅವನ ಕಣ್ಣಿಗೆ ಬಿತ್ತು. ಮೂವತ್ತು ವರ್ಷ ಕಾಫಿ ಅಂಗಡಿಯಲ್ಲಿ ನಕ್ಕವರೆಲ್ಲ, ನೂರಹದಿನೆಂಟು ಮಂದಿಯೂ, ಎದುರಿಗೆ ಕೂತಿದ್ದರು.

"ಇರಿ ಅಧ್ಯಕ್ಷರೇ. ಅದೊಂದು ಹಾಳೆ ಯಾಕೆ ಬಿಟ್ರಿ?"

"ಸಾಕು ಬಿಡಯ್ಯ, ಒಪ್ಪಿಯಾಯ್ತಲ್ಲ."

"ಒಪ್ಪಿದ್ರೆ ಸಾಲ್ದು, ಕೇಳ್ಬೇಕು ಇವ್ರು! ರಕ್ತಕ್ಕೆ ಸಾಕ್ಷಿ ಬೇಕು ಅಂದ್ರಲ್ಲ? ಓದಿ, ಕೊನೇ ಅಕ್ಷರದವರೆಗೂ ಓದಿ. ಗಟ್ಟಿಯಾಗಿ. ಹಿಂದಿನ ಬೆಂಚಿಗೂ ಕೇಳಿಸ್ಲಿ."

ಅಧ್ಯಕ್ಷರು ನಿಟ್ಟುಸಿರಿಟ್ಟು ಗಟ್ಟಿಯಾಗಿ ಓದಿದರು. ಅದು ಅಂದಿನ ಪಾದ್ರಿ ಗಾವ್ದೆಂಜಿಯೊಗೆ ಬರೆದ ಕಾಗದ.

"'ಪ್ರಿಯ ಮಗನೇ, ನೀನು ಹಡಗು ಹತ್ತಿದ ಮೇಲೆ ಈ ಊರಿನಲ್ಲಿ ನಿನ್ನ ರಕ್ತದವರು ಯಾರೂ ಉಳಿದಿಲ್ಲ. ನಿನ್ನ ತಂದೆತಾಯಿ ಅನಾಥಾಲಯದಿಂದ ತಂದು ಸಾಕಿದ ಚೆಲೆಸ್ತೀನೊ ಮಾತ್ರ ಮನೆಯಲ್ಲಿದ್ದಾನೆ. ಊರವರು ನಿಮ್ಮ ಮನೆಯ ಹೆಸರಿನಿಂದಲೇ ಅವನನ್ನು ಕರೆಯುವುದರಿಂದ, ನನಗೂ ಬೇರೆ ಹೆಸರು ಹೊಳೆಯದೆ, ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡಿದ್ದೇನೆ. ನೀನು ಮರಳಿ ಬರುವವರೆಗೆ ಮನೆ ನೋಡಿಕೊಂಡಿರಲೆಂದು ಕೀಲಿ ಅವನ ಕೈಗೆ ಕೊಟ್ಟಿದ್ದೇನೆ.'"

ಓದುತ್ತ ಓದುತ್ತ ಅಧ್ಯಕ್ಷರ ದನಿ ತಗ್ಗುತ್ತ ಬಂದಿತ್ತು. ಆದರೂ ಹಿಂದಿನ ಬೆಂಚಿಗೆ ಕೇಳಿಸಿತು.

"ಚೆಲೆಸ್ತೀನೊ ಅಂದ್ರೆ..." ಎಂದರು ಅವರು, ಮೆಲ್ಲಗೆ.

"ನಮ್ಮ ಮುತ್ತಜ್ಜ," ಎಂದ ಎವಾಜಿಯೊ. ಅವನ ಎಡಗೆನ್ನೆಯ ನೊರೆ ಒಣಗಿ, ಹಳೇ ಗೋಡೆಯ ಸುಣ್ಣದಂತೆ ಚಕ್ಕೆ ಚಕ್ಕೆಯಾಗಿ ಉದುರತೊಡಗಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಒರೆಸ್ತೆ ಕೂಡ ಒಂದು ಕ್ಷಣ ನೆಲ ನೋಡಿದ. ಎರಡನೆಯ ಕ್ಷಣ ಅವನ ಲೆಕ್ಕ ಕೆಲಸ ಮಾಡಿತು.

"ಅಯ್ಯೋ ಪಾಪ. ಆದ್ರೆ ಅಧ್ಯಕ್ಷರೇ, ಹಾಗಾದ್ರೆ ಈಗ ಒಂದೇ ತಲೆ! ಈಯಮ್ಮ ಒಬ್ರೇ. ಹೊಡೆದು ಹಾಕಿ ಹೆಸರ್ನ."

ಬೆರ್ತೊಲಾಸ್ಕೊಗಳ ಬೆಂಚುಗಳು ಹರ್ಷದಿಂದ ಕಿರುಗುಟ್ಟಿದವು. ಅಧ್ಯಕ್ಷರು ಕೆಂಪು ಪೆನ್ಸಿಲ್ ಕೈಗೆತ್ತಿಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ಸೆಕೊಂದೀನಾ ಕಾಣಿಸಿಕೊಂಡಳು, ಎಡಬಲಕ್ಕೆ ಸೂಟ್‌ಕೇಸು ಹಿಡಿದು ಬಾಯೊರೆಸಿಕೊಳ್ಳುತ್ತಿದ್ದ ಇಬ್ಬರು ದಾಂಡಿಗರ ಸಮೇತ.

"ತಗೋ ಎವಾಜಿಯೊ! ಎರಡಲ್ಲ, ಮೂರು ಸಲ ಉಂಡ್ರು. ನಿನ್ನ ವಂಶ ಮುಳುಗೋಕೆ ಬಿಡ್ತೀನಾ ನಾನು?" ಎಂದು ಅವರಿಬ್ಬರನ್ನೂ ಮೇಜಿನ ಕಡೆಗೆ ನೂಕಿದಳು.

"ಹಾಜರ್," "ಹಾಜರ್," ಎಂದರು ತಮ್ಮಂದಿರು, ಯಾತಕ್ಕೆಂದು ತಿಳಿಯದೆ.

ಮೂರು ತಲೆಯಾಯಿತು. ಚೀಟಿ ಎತ್ತಿದರು. ಬ್ರುಸ್ಕವೆಂತೊಗಳಿಗೆ ತೊರೆಯ ದಂಡೆಯ ಪಾಲು ಬಂತು. ಹದಿನಾಲ್ಕರಲ್ಲಿ ಅದೇ ಒಳ್ಳೆಯದು. ಮೂವತ್ತು ವರ್ಷಗಳಲ್ಲಿ ಎವಾಜಿಯೊ ಎತ್ತಿದ ಯಾವ ಚೀಟಿಗೂ ಅದು ಬಂದಿರಲಿಲ್ಲ. ಅವನು ಬಿಳಿ ಬಟ್ಟೆ ಬಿಚ್ಚಿ, ಮಡಿಸಿ, ಒರೆಸ್ತೆಯ ಕೈಗೆ ಕೊಟ್ಟು, ಸಭಾಂಗಣದಿಂದ ಹೊರಗೆ ಬಂದ.

ಹಿಂದೆ ದಪ್ಪ ಹೆಜ್ಜೆಗಳ ಸದ್ದು.

"ಚಿಕ್ಕಪ್ಪಯ್ಯಾ, ನಿಲ್ಲಿ!" ಜುಸ್ಸಾರಳ ಕಣ್ಣಲ್ಲಿ ನಿಜವಾದ ನೀರಿತ್ತು. ಅವಳು ಅವನ ಎರಡೂ ಕೈ ಹಿಡಿದುಕೊಂಡಳು. "ರಕ್ತ ಗಿಕ್ತ ಯಾರಿಗ್ ಬೇಕು? ಆ ಪಾದ್ರಿ ಕಾಗ್ದ ನಮ್ಮನೇಲಿ ಚೌಕಟ್ಟು ಹಾಕ್ಸಿ ಇಟ್ಟಿತ್ತು. ಇನ್ನೂರ ಹನ್ನೊಂದು ಜನಾನೂ ದಿನಾ ನಿಮ್ಮ ಮುತ್ತಜ್ಜನ ಹೆಸರೇಳಿ ದೇವರಿಗೆ ಕೈ ಮುಗೀತೀವಿ."

ಎವಾಜಿಯೊ ಕೇಳಿದ: "ಯಾಕಮ್ಮ?"

"ಯಾಕಂದ್ರೆ! ನೂರ ಮೂವತ್ತು ಚಿಲ್ಲರೆ ವರ್ಸ, ತಲೆಮಾರಿಂದ ತಲೆಮಾರ್ಗೆ, ನಮ್ಮನೆ ಕಾಯ್ಕೊಂಡ್ ಇದ್ರಲ್ಲ!" ಅವಳು ಬಗ್ಗಿ ಅವನ ನುಣುಪಾದ ಕೆನ್ನೆಗೆ ಮುತ್ತಿಟ್ಟಳು. ಆಮೇಲೆ ತಮ್ಮಂದಿರ ಕಡೆಗೆ ತಿರುಗಿದಳು. "ಲೋ, ಸೂಟ್‌ಕೇಸ್ ಎತ್ಕೊಳ್ರೋ. ಚಿಕ್ಕಪ್ಪಯ್ಯ ಕೀಲಿ ಕೊಡ್ತಾರೆ."

ತಮ್ಮಂದಿರು ಎತ್ತಿಕೊಂಡರು. ತೆಳು ಕೋಟಿನಲ್ಲಿ ಅವರ ಹಲ್ಲು ಕಟಕಟಿಸುತ್ತಿತ್ತು. ಚೌಕದ ಆಚೆ ಕಾಫಿ ಅಂಗಡಿಯ ಗಾಜಿನ ಹಿಂದೆ ಆಗಲೇ ಐದಾರು ಬೆರ್ತೊಲಾಸ್ಕೊಗಳು ಮೂಗು ಒತ್ತಿ ನಿಂತಿದ್ದರು. ಎವಾಜಿಯೊ ಜೇಬಿಗೆ ಕೈ ಹಾಕಿ ಹುಡುಕಿದ.

"ಬನ್ನಿ," ಎಂದ. "ಒಳಗೆ ತುಂಬ ಚಳಿ ಇದೆ. ಒಲೆಗೆ ಸೌದೆ ಮಾತ್ರ ನೀವೇ ಹಾಕ್ಬೇಕು."